ಲ್ಯಾಬಿನಕ್ಕ ಇಟ್ಟ ಹತ್ತಿ

"ಲ್ಯಾಬಿನಕ್ಕ ಹೋಗಿಬಿಟ್ರಂತೆ ಕಣ್ರೀ, ಸೊರಬದಾಗೆ. ನಿನ್ನೆ ಮಣ್ಣಾತಂತೆ" ಎಂದು ಸ್ಟಾಫ್ ರೂಮಿನಲ್ಲಿ ಹಿಂದಿ ಮೇಷ್ಟ್ರು ಹೇಳಿದಾಗ ನಾನು ಎಂಟನೇ ತರಗತಿಯ ಗಣಿತದ ಪತ್ರಿಕೆ ತಿದ್ದುತ್ತಿದ್ದೆ. ಹೊಸದಾಗಿ ಬಂದಿರುವ ವಿಜ್ಞಾನದ ಟೀಚರ್, ಯಾವ ಲ್ಯಾಬಿನಕ್ಕ ಎಂದು ಕೇಳಿದರು. "ಅದೇ ರೀ, ನಮ್ಮ ಮೇಡಂ ತಮ್ಮನ ರಕ್ತದ ರಿಪೋರ್ಟ್ ತಪ್ಪು ಕೊಟ್ಟಿದ್ರಲ್ಲ, ಅವರು" ಎಂದು ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು.

ನನ್ನನ್ನು ಚುಚ್ಚಲೆಂದು ಹೇಳಿದ ಮಾತಲ್ಲ ಅದು. ಐದು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ಆ ಮಾತನ್ನು ಮೊದಲು ಆಡಿದವಳು ನಾನು. ಶಿಕಾರಿಪುರದಲ್ಲಿ ಇಪ್ಪತ್ತು ವರ್ಷ ಕಂಡಕಂಡವರ ತೋಳು ಹಿಡಿದು ರಕ್ತ ತೆಗೆದ ಹೆಂಗಸಿನ ಬಗ್ಗೆ ಊರಿನಲ್ಲಿ ಕೊನೆಗೆ ಉಳಿದದ್ದು ಆ ಒಂದು ವಾಕ್ಯ. ಮತ್ತೆ ಪತ್ರಿಕೆಗಳತ್ತ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಸರಿಯಾಗಿ ಮಾಡಿದ ಲೆಕ್ಕಕ್ಕೂ ಕೆಂಪು ಗೀಟು ಎಳೆದಿದ್ದೆ. ಎದ್ದು ವರಾಂಡಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ಅಂದಿನಿಂದ ಹೀಗೇ ಇದ್ದೇನೆ. ಬರೆದರೆ ನಿಲ್ಲುತ್ತದೋ ಏನೋ, ಗೊತ್ತಿಲ್ಲ.

ಅವರ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಊರ ಬಾಯಿಗೆ ಹಾಕಿದ್ದೇನೆ, ಅಷ್ಟು ಸಾಕು. ಊರೆಲ್ಲ ಅವರನ್ನು ಲ್ಯಾಬಿನಕ್ಕ ಎನ್ನುತ್ತಿತ್ತು, ಅವರಿಗಿಂತ ಹಿರಿಯರು ಕೂಡ.

ಲ್ಯಾಬು ಇದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಹತ್ತಲು ಕಡಿದಾದ ಹದಿನೆಂಟು ಮೆಟ್ಟಿಲು. ಒಳಗೆ ಎರಡು ಕೋಣೆ. ಒಂದರಲ್ಲಿ ಬೆಂಚು, ಇನ್ನೊಂದರಲ್ಲಿ ರಕ್ತ ತಿರುಗಿಸುವ ಯಂತ್ರ, ಫ್ರಿಜ್ಜು ಮತ್ತು ಅವರು. ಅವರಿಗೆಂದು ಒಂದು ತಿರುಗುವ ಕುರ್ಚಿ ಇತ್ತು; ಅದರ ಮೇಲೆ ಸದಾ ಅವರ ಬ್ಯಾಗು ಕೂತಿರುತ್ತಿತ್ತು. ಅವರು ಕೂತದ್ದನ್ನು ನಾನು ನೋಡಿಯೇ ಇಲ್ಲ. ಟೀ ಕುಡಿಯುವುದು ಕಿಟಕಿಯ ಹತ್ತಿರ ನಿಂತು, ಅದೂ ಅರ್ಧ. ಯಂತ್ರ ತಿರುಗುತ್ತಿರುವಷ್ಟು ಹೊತ್ತು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುವರು. ನಡೆಯುತ್ತ ವಾಚಿನ ಪಟ್ಟಿ ಬಿಚ್ಚುವರು, ಮತ್ತೆ ಕಟ್ಟುವರು. ನೋಡುವವರಿಗೆ ತಲೆ ಸುತ್ತಬೇಕು.

"ಒಂದ್ ನಿಮಿಷ ಕೂತ್ಕೊಳ್ರೀ ಅಕ್ಕಾ, ನಿಮ್ಮನ್ನ ನೋಡಿ ನನಗೇ ಕಾಲು ನೋಯ್ತಿದೆ" ಎಂದು ನಾನೊಮ್ಮೆ ಹೇಳಿದೆ.

"ಚಂದ್ರಗುತ್ತೀಲಿ ಹುಟ್ಟಿದೋಳು ಮಾರಾಯ್ರೇ. ನೀರು ತರಕ್ಕೆ ಇಳೀಬೇಕು, ತಂದಿದ್ದನ್ನ ಇಡಕ್ಕೆ ಹತ್ತಬೇಕು. ಕಾಲು ಅಲ್ಲೇ ಹಾಳಾಗಿ ಹೋಯ್ತು" ಎಂದು ಮತ್ತೆ ನಡೆಯತೊಡಗಿದರು.

ಇಂಥವರು ಸೂಜಿ ಹಿಡಿದ ಕ್ಷಣ ಮಾತ್ರ ಅಲ್ಲಾಡುತ್ತಿರಲಿಲ್ಲ. ಎಡಗೈಯ ಹೆಬ್ಬೆರಳಿನಿಂದ ನರ ಹುಡುಕಿ, ಉಸಿರು ಹಿಡಿದು, ಒಂದೇ ಸಲಕ್ಕೆ. ಎರಡನೇ ಸಲ ಚುಚ್ಚಿದರೆ ಆ ದಿನವೆಲ್ಲ ಅವರ ಮುಖ ಸಪ್ಪಗೆ. ಒಂದು ಬೆಳಿಗ್ಗೆ ನಾನು ಕಾಯುತ್ತಿದ್ದಾಗ ಈಸೂರಿನ ಅಜ್ಜನೊಬ್ಬ ಸೂಜಿ ಕಂಡೊಡನೆ ತೋಳು ಎಳೆದುಕೊಂಡು ಪಂಚೆಯೊಳಗೆ ಮುಚ್ಚಿಟ್ಟುಕೊಂಡ.

"ಎಂತದ್ದು ಅಜ್ಜ? ಈಸೂರಿನೋರು ಬ್ರಿಟಿಷರಿಗೆ ಹೆದರಲಿಲ್ಲ ಅಂತ ಪುಸ್ತಕದಲ್ಲಿ ಓದಿದೀನಿ. ನನ್ನ ಸೂಜಿಗೆ ಹೆದರ್ತೀರಾ?"

"ಅವರು ನಮ್ಮಪ್ಪ, ನಮ್ಮ ದೊಡ್ಡಪ್ಪ ಕಣವ್ವ. ನಾನಾಗ ತೊಟ್ಟಿಲದಾಗಿದ್ದೆ" ಎಂದ ಅಜ್ಜ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವನು ನಗುವಷ್ಟರಲ್ಲಿ ರಕ್ತ ತೆಗೆದಾಗಿತ್ತು.

ಅವರ ಇನ್ನೊಂದು ಅಭ್ಯಾಸ ಹೇಳಬೇಕು. ಪ್ರತಿ ಲ್ಯಾಬಿನಲ್ಲೂ ಒಂದು ರಿಜಿಸ್ಟರ್ ಇರುತ್ತದೆ. ಹೆಸರು, ವಯಸ್ಸು, ಯಾವ ಟೆಸ್ಟು, ಎಷ್ಟು ಬಂತು. ಇವರ ರಿಜಿಸ್ಟರಿನಲ್ಲಿ ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಇನ್ನೊಂದು ಸಾಲು. ಆ ಮನುಷ್ಯ ಹೇಗೆ ಬಂದರು ಎಂಬುದು. 'ಮಗನ ಹೆಗಲು ಹಿಡಿದು ಬಂದರು.' 'ಮೆಟ್ಟಿಲ ಮೇಲೆ ಎರಡು ಕಡೆ ಕೂತರು.' 'ಬೈದುಕೊಂಡು ಬಂದರು, ಬೈದುಕೊಂಡು ಹೋದರು.' ನಾನು ಗಣಿತದವಳು, ನನಗಿದು ಹುಡುಗಾಟವೆನಿಸಿತ್ತು. ರಕ್ತದಲ್ಲಿ ಎಲ್ಲಾ ಇರುವಾಗ ಮೆಟ್ಟಿಲು ಹತ್ತಿದ್ದನ್ನೇಕೆ ಬರೆಯಬೇಕು ಎಂದು ಕೇಳಿದೆ. "ನಂಬರು ಒಂದೇ ಇದ್ರೆ ಅದು ಸುಳ್ಳು ಹೇಳಿದ್ರೂ ಗೊತ್ತಾಗಲ್ಲ ಟೀಚರ್ರೇ. ಜೊತೆಗೆ ಸಾಕ್ಷಿ ಇರ್ಬೇಕು" ಎಂದರು. ಯಂತ್ರದ ನಂಬರು ಸುಳ್ಳು ಹೇಳುವುದೆಂದರೇನು ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ನನಗೂ ಅವರಿಗೂ ನಂಟು ಬೆಳೆದದ್ದು ತಮ್ಮನಿಂದ. ಅವನಿರುವುದು ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ, ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಅವನ ಎರಡೂ ಕಿಡ್ನಿ ಕೈಕೊಟ್ಟಾಗ ಒಂದನ್ನು ನಾನು ಕೊಟ್ಟೆ. ಇದನ್ನು ದೊಡ್ಡ ತ್ಯಾಗವೆಂದು ಜನ ಹೊಗಳುವಾಗ ನನಗೆ ಮುಜುಗರ. ಆದರೆ ಒಂದು ನಿಜ ಹೇಳುತ್ತೇನೆ: ಕೊಟ್ಟ ಮೇಲೂ ಅದು ನನ್ನದೇ ಎಂಬ ಭಾವನೆ ಹೋಗಲಿಲ್ಲ. ಅವನು ಕಡಿಮೆ ನೀರು ಕುಡಿದರೆ ಜಗಳ, ಮಾತ್ರೆ ತಡವಾದರೆ ಜಗಳ. ಪರರ ಅಂಗವೆಂದು ಮೈ ಅದನ್ನು ತಳ್ಳಿಹಾಕದಂತೆ ಅವನು ಜೀವನವಿಡೀ ಮಾತ್ರೆ ತಿನ್ನಬೇಕು. ಆ ಮಾತ್ರೆ ಮೈಯ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅದಕ್ಕೇ ರಕ್ತದಲ್ಲಿ ಅದು ಎಷ್ಟಿದೆ ಎಂದು ನೋಡಲು ತಿಂಗಳಿಗೊಮ್ಮೆ ಪರೀಕ್ಷೆ, ಅದೂ ಆ ದಿನದ ಮಾತ್ರೆ ತಿನ್ನುವ ಮೊದಲು. ಹಿಂದಿನ ದಿನ ನಮ್ಮ ಮನೆಗೆ ಬಂದಿರುತ್ತಿದ್ದ, ಬೆಳಿಗ್ಗೆ ಮಾತ್ರೆ ತಿನ್ನದೆ ಲ್ಯಾಬಿಗೆ ಹೋಗುತ್ತಿದ್ದ.

"ಮಾತ್ರೆ ತಗೊಂಡೇ ಬಂದ್ರಾ?" ಎನ್ನುವುದು ಲ್ಯಾಬಿನಕ್ಕನ ಮೊದಲ ಮಾತು.

"ತಗೊಂಡಿಲ್ಲ ಅಕ್ಕೋ. ತಗೊಂಡು ಬಂದ್ರೆ ನೀವು ಒಳಗೆ ಬಿಡ್ತೀರಾ?"

"ಟೀಚರ್ರೇ, ನೀವು ಹೇಳಿ. ಇವರನ್ನ ನಂಬಕ್ಕಾಗಲ್ಲ."

ಇಬ್ಬರಿಗೂ ಒಂದು ಜಗಳವಿಲ್ಲದಿದ್ದರೆ ಆಗುತ್ತಿರಲಿಲ್ಲ. ಪ್ರತಿ ತಿಂಗಳೂ ಅದೇ ಮಾತು, ಅದೇ ನಗು.

ಇಂಥ ಪರೀಕ್ಷೆಗಳೆಲ್ಲ ಶಿಕಾರಿಪುರದಲ್ಲಿ ಆಗುವುದಿಲ್ಲ. ಮಾದರಿಯನ್ನು ಬೆಂಗಳೂರಿಗೆ ಕಳಿಸಬೇಕು. ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ನಡುವೆ ಟ್ಯೂಬುಗಳನ್ನಿಟ್ಟು ಬಸ್ಸಿಗೆ ಹಾಕಬೇಕು. ನಮ್ಮ ರಸ್ತೆಗಳು ಗೊತ್ತಲ್ಲ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟ್ಯೂಬು ದಾರಿಯಲ್ಲಿ ಸೋರಿ ಬರಿದಾಗಿ ಮುಟ್ಟಿತಂತೆ. ನರವೇ ಸಿಗದ ಒಬ್ಬ ಮುದುಕಿಯನ್ನು ಮತ್ತೆ ಕರೆಸಿ ಚುಚ್ಚಬೇಕಾಯಿತಂತೆ. ಆ ಮುದುಕಿ ಅತ್ತದ್ದನ್ನು ಹೇಳುವಾಗ ಇವರ ವಾಚಿನ ಪಟ್ಟಿ ಬಿಚ್ಚಿ ಕಟ್ಟುವುದು ಜೋರಾಗುತ್ತಿತ್ತು. ಅಂದಿನಿಂದ ಅವರದೇ ಒಂದು ಪದ್ಧತಿ. ಟ್ಯೂಬಿನ ಬಾಯಿಗೆ ಚೂರು ಹತ್ತಿಯನ್ನು ಉಂಡೆ ಮಾಡಿ ಒತ್ತಿ, ಮೇಲೆ ಮುಚ್ಚಳ ಹಾಕಿ, ಸುತ್ತ ಪ್ಲಾಸ್ಟರ್ ಸುತ್ತುವುದು. ಆಮೇಲೆ ಅವರ ಕೈಯಿಂದ ಹೊರಟ ಒಂದು ಟ್ಯೂಬೂ ಸೋರಲಿಲ್ಲ. ಬೆಂಗಳೂರಿನವರೂ ಅವರ ಕಟ್ಟುವಿಕೆಯನ್ನು ಹೊಗಳಿದ್ದರಂತೆ. ಅವರಿಗೆ ಹೆಮ್ಮೆಯೆಂದು ಇದ್ದದ್ದು ಇದೊಂದರ ಬಗ್ಗೆ.

ಕಸಿಯಾಗಿ ಮೂರನೇ ವರ್ಷ ತಮ್ಮನಿಗೆ ಜ್ವರ ಬಂತು. ಬೆಳಿಗ್ಗೆ ಬಿಡುವುದು, ಸಂಜೆ ಏರುವುದು, ಜೊತೆಗೆ ಒಣ ಕೆಮ್ಮು. ಹತ್ತು ದಿನವಾದರೂ ಹೋಗಲಿಲ್ಲ. ಶಿವಮೊಗ್ಗದ ಕಿಡ್ನಿ ಡಾಕ್ಟರು ಫೋನಿನಲ್ಲಿ ಒಂದು ಪಟ್ಟಿ ಹೇಳಿದರು. ಅದರಲ್ಲಿ ಫಂಗಸ್ಸಿನ ಎರಡು ರಕ್ತ ಪರೀಕ್ಷೆಯೂ ಇತ್ತು. ಫಂಗಸ್ ಎಂದರೆ ಬೂಷ್ಟು. ರೊಟ್ಟಿಗೆ ಹಿಡಿಯುವ ಬೂಷ್ಟು ಮನುಷ್ಯನ ಒಳಗೂ ಹಿಡಿಯುತ್ತದೆಂದು ನನಗೆ ಗೊತ್ತಾದದ್ದು ಆಗ. ರೋಗ ತಡೆಯುವ ಶಕ್ತಿ ಕುಗ್ಗಿದವರಲ್ಲಿ ಅದು ಶ್ವಾಸಕೋಶಕ್ಕೆ, ರಕ್ತಕ್ಕೆ ಇಳಿಯುತ್ತದಂತೆ. ಇಳಿದರೆ ಜೀವಕ್ಕೇ ಅಪಾಯವಂತೆ. ಬೂಷ್ಟಿನ ಮೈಗೋಡೆಯಲ್ಲಿ ಬೀಟಾ ಗ್ಲುಕಾನ್ ಎಂಬ ಸಕ್ಕರೆ ಜಾತಿಯ ಪದಾರ್ಥವಿರುತ್ತದೆ. ಮೊದಲ ಪರೀಕ್ಷೆ ರಕ್ತದಲ್ಲಿ ಅದನ್ನು ಅಳೆಯುತ್ತದೆ. ಅದು ಹೆಚ್ಚಿದ್ದರೆ ಯಾವುದೋ ಒಂದು ಬೂಷ್ಟು ಒಳಗಿದೆ ಎಂದು ಅರ್ಥ. ಎರಡನೆಯದು ಒಂದೇ ಜಾತಿಯ ಬೂಷ್ಟನ್ನು ಹುಡುಕುವ ಪರೀಕ್ಷೆ.

ತಮ್ಮ ಬಂದ, ರಕ್ತ ಕೊಟ್ಟ, ಎಂದಿನಂತೆ ಲ್ಯಾಬಿನಕ್ಕನ ಜೊತೆ ಜಗಳವಾಡಿದ. ಮರುದಿನ ಜ್ವರ ಇನ್ನೂ ಏರಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಅದರ ಮರುದಿನ ಬೆಳಿಗ್ಗೆ ರಿಪೋರ್ಟು ಬಂತು. ಎರಡನೇ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮೊದಲನೆಯದರಲ್ಲಿ ನಂಬರು ಎಷ್ಟು ಏರಿತ್ತೆಂದರೆ, ಯಂತ್ರ ಅಳೆಯಬಲ್ಲ ಮಿತಿಯನ್ನೇ ಮೀರಿದೆ ಎಂದು ಬರೆದಿತ್ತು.

ಡಾಕ್ಟರು ನನ್ನನ್ನು ಹೊರಗೆ ಕರೆದರು. "ಯಾವ ಫಂಗಸ್ ಅಂತ ಗೊತ್ತಿಲ್ಲ. ಎಲ್ಲದಕ್ಕೂ ನಾಟುವ ಇಂಜೆಕ್ಷನ್ ಒಂದಿದೆ. ಅದು ಕಿಡ್ನಿಗೆ ಭಾರ. ಈ ಕಿಡ್ನಿ ತಡೆಯುತ್ತೆ ಅಂತ ನಾನು ಮಾತು ಕೊಡಲಾರೆ. ಆದರೆ ಈ ನಂಬರು ನೋಡಿಕೊಂಡು ಸುಮ್ಮನಿರೋಕೆ ಆಗಲ್ಲ. ಮಧ್ಯಾಹ್ನ ಶುರು ಮಾಡೋಣ" ಎಂದರು. ನಾನು ಹೂಂ ಎಂದೆ. ಕೈ ತಾನಾಗಿ ಸೊಂಟದ ಎಡಗಡೆಯ ಗಾಯದ ಗೆರೆಯ ಮೇಲೆ ಹೋಗಿತ್ತು. ಕೊಟ್ಟದ್ದು ಹೋದರೂ ಪರವಾಗಿಲ್ಲ, ಇವನು ಉಳಿಯಲಿ ಎಂದುಕೊಂಡೆ. ಮರುಕ್ಷಣವೇ, ಅದು ಹೋಗುವುದು ಬೇಡ ಎಂದು ಒಳಗಿನಿಂದ ಅಳು ಬಂತು.

ಹನ್ನೆರಡರ ಸುಮಾರಿಗೆ ಆಸ್ಪತ್ರೆಯ ಮೊಗಸಾಲೆಯ ಆ ತುದಿಯಿಂದ ಯಾರೋ ಓಡುನಡಿಗೆಯಲ್ಲಿ ಬರುವುದು ಕಾಣಿಸಿತು. ಲ್ಯಾಬಿನಕ್ಕ. ಮೈಮೇಲೆ ಬಿಳಿ ಕೋಟು ಹಾಗೇ ಇತ್ತು. ಅದನ್ನು ಬಿಚ್ಚುವುದೂ ಮರೆತು ಬಸ್ಸು ಹತ್ತಿದ್ದರು. ನನ್ನ ಮುಂದೆ ನಿಂತು ಏದುಸಿರು ಬಿಡುತ್ತ ಕೇಳಿದ್ದು ಒಂದೇ: "ಇಂಜೆಕ್ಷನ್ ಶುರು ಮಾಡಿದ್ರಾ?"

ಇಲ್ಲ ಎಂದೆ. ಅವರು ಗೋಡೆಗೆ ಕೈ ಊರಿದರು.

ನಡೆದದ್ದಿಷ್ಟು. ಬೆಳಿಗ್ಗೆ ರಿಪೋರ್ಟು ಅವರಿಗೂ ಬಂದಿತ್ತು. ನಂಬರನ್ನು ರಿಜಿಸ್ಟರಿಗೆ ಏರಿಸುವಾಗ ಪಕ್ಕದ ಪೆನ್ಸಿಲ್ ಸಾಲು ಕಣ್ಣಿಗೆ ಬಿತ್ತು. 'ಮೆಟ್ಟಿಲು ನಿಲ್ಲದೆ ಹತ್ತಿದರು, ಜಗಳ ಆಡಿದರು.' ರಕ್ತದಲ್ಲಿ ಅಷ್ಟು ಬೂಷ್ಟು ತುಂಬಿಕೊಂಡವನು ಹದಿನೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುವುದು ಹೇಗೆ? ಬೆಂಗಳೂರಿಗೆ ಫೋನ್ ಮಾಡಿದರು. ಪರೀಕ್ಷೆ ಮಾಡಿದವರು, ಮಾದರಿ ಹೇಗೆ ಕಟ್ಟಿದಿರಿ ಎಂದು ಕೇಳಿದರು. ಇವರು ಹೆಮ್ಮೆಯಿಂದಲೇ ಹತ್ತಿಯ ವಿಷಯ ಹೇಳಿದರು. ಆ ಕಡೆಯವರು ಹೇಳಿದರು: ಹತ್ತಿಯಲ್ಲೂ ಅದೇ ಜಾತಿಯ ಪದಾರ್ಥ ಇರುತ್ತದೆ, ಬೂಷ್ಟಿನದು ಯಾವುದು, ಹತ್ತಿಯದು ಯಾವುದು ಎಂದು ಪರೀಕ್ಷೆಗೆ ತಿಳಿಯುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಬೇರೆ ಯಾವ ಪರೀಕ್ಷೆಗೂ ತೊಂದರೆ ಕೊಡದ ಹತ್ತಿ ಇದೊಂದಕ್ಕೆ ಮಾತ್ರ ವಿಷ. ಈ ಪರೀಕ್ಷೆಗೆ ಅವರು ಮಾದರಿ ಕಳಿಸಿದ್ದು ಅದೇ ಮೊದಲು. ಡಾಕ್ಟರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನನಗೆ ಮಾಡಿದರೆ ನನ್ನದು ಬ್ಯಾಗಿನಲ್ಲಿ ಸದ್ದಿಲ್ಲದೆ ಬಿದ್ದಿತ್ತು. ಲ್ಯಾಬಿನ ಬಾಗಿಲು ಎಳೆದುಕೊಂಡು ಬಂದುಬಿಟ್ಟಿದ್ದರು.

ಡಾಕ್ಟರು ಬಂದರು. ಸುತ್ತ ನಾಲ್ಕಾರು ರೋಗಿಗಳ ಕಡೆಯವರು, ಇಬ್ಬರು ನರ್ಸುಗಳು. ಲ್ಯಾಬಿನಕ್ಕ ಅವರೆಲ್ಲರೆದುರಿಗೇ ಹೇಳಿದರು:

"ತಪ್ಪು ನಂದು ಸರ್. ಟ್ಯೂಬಿನ ಬಾಯಿಗೆ ಹತ್ತಿ ಇಟ್ಟಿದ್ದೆ. ಅದಕ್ಕೇ ನಂಬರು ಹಾಗೆ ಬಂದಿದೆ."

"ಅಂದರೆ ಫಂಗಸ್ ಇಲ್ಲ ಅಂತೀರಾ?" ಡಾಕ್ಟರ ದನಿ ಬಿಗಿಯಾಗಿತ್ತು.

"ಇಲ್ಲ ಅಂತ ನಾನು ಹೆಂಗೆ ಹೇಳ್ಲಿ ಸರ್? ಇರಬಹುದು. ಆದ್ರೆ ಇದೆ ಅಂತ ಹೇಳೋಕೆ ಆ ಕಾಗದಕ್ಕೆ ಹಕ್ಕಿಲ್ಲ. ಇನ್ನೊಂದ್ಸಲ ರಕ್ತ ತೆಗೆದು ಕಳಿಸಿ. ಹತ್ತಿ ಮಾತ್ರ ಟ್ಯೂಬಿನ ಹತ್ರ ಬರಬಾರ್ದು."

ಡಾಕ್ಟರು ನನ್ನತ್ತ ತಿರುಗಿದರು. ಇನ್ನೊಂದು ಪರೀಕ್ಷೆಯ ಉತ್ತರ ನಾಳೆ ಸಂಜೆಗೆ ಬರುತ್ತದೆ. ಫಂಗಸ್ ನಿಜವೇ ಆಗಿದ್ದರೆ ಆ ಒಂದು ದಿನ ದುಬಾರಿಯಾಗಬಹುದು. ಸುಳ್ಳಾಗಿದ್ದರೆ ಕಿಡ್ನಿ ಉಳಿಯುತ್ತದೆ. ನಿನ್ನೆ ತೆಗೆದ ಎದೆಯ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಏನೂ ಕಾಣುತ್ತಿಲ್ಲವಾದ್ದರಿಂದ ನಾಳೆ ಸಂಜೆಯವರೆಗೆ ಕಾಯಬಹುದು, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ನೀವು ಅಕ್ಕ ತಮ್ಮ ಮಾತಾಡಿಕೊಂಡು ಹೇಳಿ ಎಂದರು.

ನಾನು ಮಾತಾಡಿಕೊಳ್ಳಲೂ ಇಲ್ಲ. "ಶುರು ಮಾಡಿ ಸರ್" ಎಂದುಬಿಟ್ಟೆ. ಲ್ಯಾಬಿನಕ್ಕನ ಕಡೆ ತಿರುಗಿ ನಾನು ಆಡಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಮೊನ್ನೆ ತಪ್ಪು ಮಾಡಿದೋರು ಇವತ್ತು ಸರಿ ಹೇಳ್ತಿದೀರಿ ಅಂತ ಹೇಗ್ರೀ ನಂಬಲಿ? ಇವನು ನಿಮ್ಮ ತಮ್ಮ ಆಗಿದ್ದಿದ್ರೆ ಕಾಯ್ತಿದ್ರಾ?"

ಸೂಜಿ ಹಿಡಿದಾಗಿನಂತೆ ಅವರು ಅಲ್ಲಾಡದೆ ನಿಂತರು. ವಾಚಿನ ಪಟ್ಟಿಗೂ ಕೈ ಹಾಕಲಿಲ್ಲ.

ಒಳಗಿನಿಂದ ತಮ್ಮ ಕರೆದ. ಬಾಗಿಲು ತೆರೆದೇ ಇತ್ತು, ಎಲ್ಲವೂ ಕೇಳಿಸಿತ್ತು. ಜ್ವರದಲ್ಲಿ ಅವನ ತುಟಿ ಒಡೆದಿತ್ತು. "ಕಾಯಾಣ ಅಕ್ಕಾ" ಎಂದ.

"ನಿನಗೆ ಗೊತ್ತಾಗಲ್ಲ, ಸುಮ್ನಿರು."

"ಇದ್ರಾಗೆ ಗೊತ್ತಾಗಕ್ಕೆ ಎಂತ ಇದೆ? ತಪ್ಪು ಮುಚ್ಚಿಡಬೇಕು ಅಂತಿದ್ರೆ ಅವರು ಶಿಕಾರಿಪುರದಾಗೇ ಇರ್ತಿದ್ರು. ಬಸ್ಸು ಹತ್ತಿ ಬೈಸ್ಕೊಳ್ಳಕ್ಕೆ ಬರ್ತಿದ್ರಾ? ಕಾಯಾಣ."

ರೋಗಿಯ ಮಾತೇ ಕೊನೆ ಎಂದು ಡಾಕ್ಟರು ತಲೆಯಾಡಿಸಿದರು. ನರ್ಸು ರಕ್ತ ತೆಗೆಯುವಾಗ ಲ್ಯಾಬಿನಕ್ಕ ಅವಳ ಬೆನ್ನಿಗೇ ನಿಂತು, ಆ ಹತ್ತಿ ಆಚೆ ಇಡಿ, ಟ್ಯೂಬು ಈ ಕಡೆ ಹಿಡಿಯಿರಿ ಎಂದು ಹೇಳಿ ಬೈಸಿಕೊಂಡರು. ಆಮೇಲೆ ಇನ್ನೊಂದು ಕೆಲಸ ಮಾಡಿದರು. ತಮ್ಮದೇ ತೋಳು ಚಾಚಿ, ನನ್ನದೂ ತೆಗೆಯಿರಿ, ಎರಡು ಟ್ಯೂಬಿಗೆ ಎಂದರು. ಒಂದಕ್ಕೆ ಹತ್ತಿ ಇಟ್ಟರು, ಇನ್ನೊಂದಕ್ಕೆ ಇಡಲಿಲ್ಲ. ಮೂರನ್ನೂ ಒಟ್ಟಿಗೆ ಬೆಂಗಳೂರಿಗೆ ಕಳಿಸಿದರು.

ಆ ಒಂದು ದಿನವನ್ನು ನಾನು ಹೇಗೆ ಕಳೆದೆನೋ ಹೇಳಲಾರೆ. ಜ್ವರ ಏರಿದಾಗಲೆಲ್ಲ, ಇಂಜೆಕ್ಷನ್ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಇಳಿಯುತ್ತಿತ್ತೇನೋ ಎಂಬ ಯೋಚನೆ. ಮೊಗಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆ, ಲ್ಯಾಬಿನಕ್ಕನ ಹಾಗೆಯೇ. ಶಿಕಾರಿಪುರಕ್ಕೆ ವಾಪಸು ಹೋಗಿದ್ದ ಅವರು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು. ಹೆಸರು ಕಂಡೊಡನೆ ನಾನು ಫೋನನ್ನು ಬೋರಲು ಹಾಕುತ್ತಿದ್ದೆ. ಮನಸ್ಸಿನಲ್ಲಿ ಅವರನ್ನು ಬೈಯದ ಬೈಗುಳವಿಲ್ಲ.

ಮರುದಿನ ಸಂಜೆ ಉತ್ತರ ಬಂತು. ತಮ್ಮನ ರಕ್ತದಲ್ಲಿ ಬೂಷ್ಟಿನ ಸುಳಿವಿಲ್ಲ. ಲ್ಯಾಬಿನಕ್ಕನ ಹತ್ತಿಯಿಲ್ಲದ ಟ್ಯೂಬಿನಲ್ಲೂ ಇಲ್ಲ. ಹತ್ತಿಯಿಟ್ಟ ಟ್ಯೂಬಿನಲ್ಲಿ ಮಾತ್ರ ನಂಬರು ಮಿತಿ ಮೀರಿತ್ತು. ಮೆಟ್ಟಿಲು ಹತ್ತಿಳಿದು ಓಡಾಡುವ ಆ ಗಟ್ಟಿ ಹೆಂಗಸು ಕಾಗದದ ಪ್ರಕಾರ ಸಾಯುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿಗೆ ಬೇರೊಂದು ಪರೀಕ್ಷೆಯಲ್ಲಿ, ಕಸಿ ಮಾಡಿಸಿಕೊಂಡವರನ್ನು ಕಾಡುವ ಒಂದು ವೈರಸ್ಸು ಸಿಕ್ಕಿತು. ಅದಕ್ಕೆ ಬೇರೆ ಔಷಧಿ. ವಾರದಲ್ಲಿ ಜ್ವರ ಬಿಟ್ಟಿತು. ಮನೆಗೆ ಕಳಿಸುವ ದಿನ ಡಾಕ್ಟರು, "ಆ ಇಂಜೆಕ್ಷನ್ ಕೊಟ್ಟಿದ್ದಿದ್ರೆ ಈ ಕಿಡ್ನಿ ಏನಾಗ್ತಿತ್ತೋ. ಆಯಮ್ಮ ಬಂದಿದ್ದು ಒಳ್ಳೆದಾಯ್ತು" ಎಂದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಶಾಲೆಗೆ ಮರಳಿದ ದಿನ ಎಲ್ಲರೂ ಸುತ್ತ ಸೇರಿ, ಏನಾಯ್ತು ಮೇಡಂ ಎಂದು ಕೇಳಿದರು. ಹದಿನೈದು ದಿನದ ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು. "ಏನಾಗೋದು? ಲ್ಯಾಬಿನಕ್ಕ ರಿಪೋರ್ಟ್ ತಪ್ಪು ಕೊಟ್ರು. ನನ್ನ ತಮ್ಮನ ಕಿಡ್ನಿ ಹೋಗ್ತಿತ್ತು" ಎಂದೆ. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಮಿಕ್ಕಿದ್ದನ್ನು ಆಮೇಲೆ ಹೇಳಬಹುದಿತ್ತು. ಮಧ್ಯಾಹ್ನ ಹೇಳಬಹುದಿತ್ತು, ಮರುದಿನ ಹೇಳಬಹುದಿತ್ತು. ನಾನು ಹೇಳಲಿಲ್ಲ. ಹೇಳಿದರೆ, ಕಾಯುವುದು ಬೇಡ ಎಂದವಳು ನಾನು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಶಿಕಾರಿಪುರ ಎಷ್ಟೆಂದರೂ ಸಣ್ಣ ಊರು. ವಾರದೊಳಗೆ ಮಾತು ಸಂತೆ ಮುಟ್ಟಿತು. ನನ್ನ ತಮ್ಮ ಸತ್ತೇ ಹೋದನೆಂದು ಕೇಳಿದವರೂ ಇದ್ದರು. ಲ್ಯಾಬಿನಕ್ಕ ಮಾತ್ರ ಇನ್ನೊಂದು ವಿಚಿತ್ರ ಮಾಡಿದ್ದರು. ತಮ್ಮದೇ ರಕ್ತದ ಎರಡು ರಿಪೋರ್ಟುಗಳನ್ನು ಲ್ಯಾಬಿನ ಗೋಡೆಗೆ, ಬೆಂಚಿನ ಮೇಲೆ ಕೂತವರಿಗೆ ಕಾಣುವ ಹಾಗೆ ಅಂಟಿಸಿ, ಕೆಳಗೆ 'ಹತ್ತಿ ಇಟ್ಟಿದ್ದು ನಾನು, ಇನ್ನು ಮುಂದೆ ಇಡುವುದಿಲ್ಲ' ಎಂದು ಬರೆದು ಸಹಿ ಹಾಕಿದ್ದರಂತೆ. ಲ್ಯಾಬಿನ ಯಜಮಾನರು ಅದನ್ನು ಕಿತ್ತು ಹಾಕಿದರು. ಇವರು ಮತ್ತೆ ಅಂಟಿಸಿದರು. ಬರುವ ಜನ ಕಡಿಮೆಯಾದಾಗ ಯಜಮಾನರು ಅವರನ್ನೇ ಬಿಡಿಸಿದರು. ಅವರು ಸೊರಬಕ್ಕೆ ಹೋಗಿ ಬರೀ ರಕ್ತ ತೆಗೆದು ಕಳಿಸುವ ಒಂದು ಸಣ್ಣ ಕೋಣೆ ಮಾಡಿಕೊಂಡರೆಂದು ಕೇಳಿದೆ. ನನಗೆ ಸಮಾಧಾನವೇ ಆಯಿತು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಇನ್ನು ಧೈರ್ಯವಾಗಿ ಓಡಾಡಬಹುದು ಎನಿಸಿತು. ಎಂಥ ಮನಸ್ಸು ನನ್ನದು ಎಂದು ಈಗ ಹೇಸಿಗೆಯಾಗುತ್ತದೆ.

ಅವರ ಲ್ಯಾಬು ತಪ್ಪಿದ ಮೇಲೆ ತಮ್ಮ, "ಇಲ್ಲೇ ಸೊರಬದಾಗೆ ಒಂದ್ಕಡೆ ರಕ್ತ ಕೊಡ್ತೀನಿ ಅಕ್ಕಾ, ಅಷ್ಟು ದೂರ ಯಾಕೆ ಬರೋದು" ಎಂದ. ರಿಪೋರ್ಟು ತಪ್ಪದೆ ನನ್ನ ಫೋನಿಗೆ ಕಳಿಸುತ್ತಿದ್ದ. ನಂಬರು ನೋಡಿ ನೆಮ್ಮದಿಯಾಗುತ್ತಿದ್ದೆ.

ಆಮೇಲೆ ಒಮ್ಮೆ ಮಾತ್ರ ಲ್ಯಾಬಿನಕ್ಕ ಎದುರಾದರು, ಶಿರಾಳಕೊಪ್ಪದ ಒಂದು ಮದುವೆಯಲ್ಲಿ. ಊಟದ ಸಾಲಿನ ಕೊನೆಯಲ್ಲಿ ಎಲೆ ಮುಂದೆ ಕೂರದೆ ನಿಂತು ಮಾತಾಡುತ್ತಿದ್ದವರು ನನ್ನನ್ನು ಕಂಡು ನೇರ ಬಂದರು. ಕೂದಲು ಬೆಳ್ಳಗಾಗಿತ್ತು, ಇನ್ನೂ ತೆಳ್ಳಗಾಗಿದ್ದರು.

"ನಿಮ್ದು ಚೆಕ್ ಮಾಡಿಸ್ಕೊಂಡ್ರಾ ಟೀಚರ್ರೇ? ಕೊಟ್ಟೋರೂ ವರ್ಷಕ್ಕೊಂದ್ಸಲ ನೋಡಿಸ್ಕೋಬೇಕು. ಮರೀತಾರೆ ಎಲ್ಲರೂ."

"ನೋಡಿಸ್ತೀನಿ ಬಿಡ್ರೀ" ಎಂದು ನಾನು ಮುಖ ತಿರುಗಿಸಿದೆ. ನಿಜವೆಂದರೆ ಮೂರು ವರ್ಷದಿಂದ ನೋಡಿಸಿರಲಿಲ್ಲ. ಅವರು ಒಂದು ಗಳಿಗೆ ನಿಂತು, ಹೋದರು. ತಮ್ಮ ಹೇಗಿದ್ದಾನೆ ಎಂದು ಒಂದು ಮಾತು ಕೇಳಲಿಲ್ಲ. ಅಷ್ಟೆಲ್ಲ ಆದಮೇಲೂ ಕೇಳಬೇಕೆನಿಸಲಿಲ್ಲವಲ್ಲ, ಎಂಥ ಕಲ್ಲು ಮನಸ್ಸು ಎಂದುಕೊಂಡೆ. ಮನೆಗೆ ಬಂದು ನನ್ನ ಗಂಡನಿಗೂ ಹಾಗೇ ಹೇಳಿದೆ.

ಸ್ಟಾಫ್ ರೂಮಿನಲ್ಲಿ ಸುದ್ದಿ ಕೇಳಿದ ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಹೇಗೆ ಹೇಳುವುದೆಂದು ತಿಳಿಯದೆ, ಲ್ಯಾಬಿನಕ್ಕ ಅಂತ ಒಬ್ಬರಿದ್ದರಲ್ಲ ಎಂದು ಶುರು ಮಾಡಿದೆ.

"ಗೊತ್ತಕ್ಕಾ. ನಿನ್ನೆ ಮಣ್ಣಿಗೆ ಹೋಗಿದ್ದೆ" ಎಂದ.

"ನಿನಗೆ ಯಾರು ಹೇಳಿದ್ರು?"

"ಅವರ ಮನೆಯೋರೇ ಫೋನ್ ಮಾಡಿದ್ರು. ಐದು ವರ್ಷದಿಂದ ನಾನು ರಕ್ತ ಕೊಡ್ತಿದ್ದಿದ್ದು ಅವರ ಹತ್ರನೇ ಅಕ್ಕಾ. ತಿಂಗಳೂ ತಪ್ಪಿಸಿಲ್ಲ."

ನಾನು ಫೋನ್ ಹಿಡಿದು ಕೂತೆ, ಎದ್ದೆ, ಮತ್ತೆ ಕೂತೆ. ಮದುವೆಯಲ್ಲಿ ಅವರು ತಮ್ಮನ ಬಗ್ಗೆ ಯಾಕೆ ಕೇಳಲಿಲ್ಲ ಎಂಬುದು ಆಗ ತಿಳಿಯಿತು. ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

"ನನಗ್ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದಿದ್ರು. ಟೀಚರ್ರಿಗೆ ಗೊತ್ತಾದ್ರೆ ಮತ್ತೆ ಹೆದರಿಕೆ ಶುರುವಾಗುತ್ತೆ, ರಾತ್ರಿ ನಿದ್ದೆ ಮಾಡಲ್ಲ ಅವರು, ಸುಮ್ನಿರಿ ಅಂದ್ರು."

ನನ್ನದು ಹೆದರಿಕೆ ಎಂದು ಅವರಿಗೆ ತಿಳಿದಿತ್ತು. ಇಷ್ಟು ವರ್ಷ ನಾನದನ್ನು ಸಿಟ್ಟೆಂದೇ ನಂಬಿಕೊಂಡಿದ್ದೆ. ಕೇಳಬಾರದೆಂದುಕೊಂಡರೂ ಕೇಳಿದೆ. "ಊರಿಗೆಲ್ಲ ಹೇಳಿದ್ದು ನಾನು ಅಂತ ಗೊತ್ತಿತ್ತಾ ಅವರಿಗೆ?"

"ಗೊತ್ತಿತ್ತು. ಒಂದ್ಸಲ ನಾನೇ ಆ ಮಾತು ತೆಗ್ದೆ, ನಮ್ಮಕ್ಕಂದು ತಪ್ಪಾಯ್ತು ಅಂತ. ಟೀಚರ್ರು ಸುಳ್ಳೇನೂ ಹೇಳ್ಲಿಲ್ಲವಲ್ಲ, ತೋಳು ನೆಟ್ಟಗೆ ಇಡಿ ಅಂದ್ರು."

ಸುಳ್ಳು ಹೇಳಿರಲಿಲ್ಲ, ನಿಜ. ಅರ್ಧ ಹೇಳಿದ್ದೆ. ಉಳಿದ ಅರ್ಧವನ್ನು ಮರುದಿನ ಸ್ಟಾಫ್ ರೂಮಿನಲ್ಲಿ ನಿಂತು ಹೇಳಿದೆ. ಬಸ್ಸು ಹತ್ತಿ ಬಂದದ್ದು, ತೋಳು ಚಾಚಿದ್ದು, ನಾನು ಬೈದದ್ದು, ಎಲ್ಲವನ್ನೂ. ಹಿಂದಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಸ ಟೀಚರ್, ಇದನ್ನು ಮೊದಲೇ ಹೇಳಬಹುದಿತ್ತಲ್ಲ ಮೇಡಂ ಎಂದರು. ಹೌದು ಎಂದೆ. ಕೇಳಬೇಕಾದವರು ಮಣ್ಣಲ್ಲಿದ್ದರು.

ಆದರೆ ನನ್ನನ್ನು ಕೂರಲು ಬಿಡದಿರುವುದು ಆ ಸಂಜೆ ಫೋನ್ ಇಡುವ ಮೊದಲು ತಮ್ಮ ಕೇಳಿದ ಮಾತು. "ಬರೋ ವಾರ ರಕ್ತ ಕೊಡಬೇಕಲ್ಲ ಅಕ್ಕಾ. ಇನ್ನು ಯಾರ ಹತ್ರ ಹೋಗ್ಲಿ?" ಎಂದ. ಶಿಕಾರಿಪುರದ, ಸೊರಬದ ಲ್ಯಾಬುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಈಗ ಬೇಕಾದಷ್ಟಿವೆ, ಎಲ್ಲ ಹೊಸ ಯಂತ್ರದವು. ತಪ್ಪು ತಮ್ಮದು ಎಂದು ಅವುಗಳಲ್ಲಿ ಯಾರಾದರೂ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.